ಮಾದರಿ ತಾಕು

"ನಿಮ್ಮಪ್ಪ ನನ್ನ ಕೊಟ್ಟಿಗೆ ಸಗಣಿ ಬಾಚಿ ಬಾಚಿ ಸತ್ತ. ನೀನೀಗ ನನಗೇ ಸಗಣಿ ಮಹಿಮೆ ಹೇಳೋಕೆ ಬಂದಿದೀಯೇನೇ?"

ಧಣಿ ಜಗಲಿಯ ಮೇಲೆ ಕೂತು ಕೇಳಿದ. ಪಕ್ಕದಲ್ಲಿದ್ದ ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂಗಳದ ಬಿಸಿಲಲ್ಲಿ ನಿಂತಿದ್ದ ಮಣ್ಣಕ್ಕ ನಗಲಿಲ್ಲ. ಕೈಯಲ್ಲಿದ್ದ ಚಿತ್ರದ ಹಾಳೆಯನ್ನು ಇನ್ನಷ್ಟು ಮೇಲೆತ್ತಿ, ಕಲಿತದ್ದನ್ನು ಕಲಿತ ಹಾಗೆಯೇ ಮುಂದುವರಿಸಿದಳು. ಕೊಯ್ದ ಮೇಲೆ ಉಳಿದ ಕೂಳೆಗೆ ಬೆಂಕಿ ಹಾಕಬಾರದು. ಆಳವಾಗಿ ಉಳಬಾರದು. ನೆಲವನ್ನು ಬರಿದಾಗಿ ಬಿಡಬಾರದು.

"ಬರಿದಾಗಿ ಬಿಡಬಾರದಂತೆ ಕಣೋ" ಎಂದು ಧಣಿ ಮೇಸ್ತ್ರಿಗೆ ಕಣ್ಣು ಹೊಡೆದ. "ಮಣ್ಣಿಗೆ ಹೊದಿಕೆ ಹೊದಿಸ್ಬೇಕಂತೆ. ಇವಳ ಕೇರೀಲಿ ಹೆಂಗಸರಿಗೇ ಮೈತುಂಬ ಬಟ್ಟೆ ಇರ್ಲಿಲ್ಲ."

ಅವಳು ಕೇರಿಯಲ್ಲೇ ಹುಟ್ಟಿ, ಹಾಸ್ಟೆಲುಗಳಲ್ಲಿ ಓದಿ, ರೈತರಿಗೆ ಮಣ್ಣಿನ ಆರೋಗ್ಯದ ಬಗ್ಗೆ ಸಲಹೆ ಕೊಡುವ ಸಂಸ್ಥೆಯೊಂದರಲ್ಲಿ ಗುತ್ತಿಗೆ ಕೆಲಸ ಹಿಡಿದವಳು. ಕೇರಿಯವರು ಮುದ್ದಿಗೆ ಮಣ್ಣಕ್ಕ ಅನ್ನುತ್ತಿದ್ದರು. ಜಮೀನಿದ್ದವರು ಅದನ್ನೇ ಎಳೆದೆಳೆದು ಹೇಳುತ್ತಿದ್ದರು.

ಅಷ್ಟರಲ್ಲಿ ಅವಳ ಸಂಸ್ಥೆಯ ಸಾಹೇಬರ ಜೀಪು ಬಂತು. ಒಳಗಿನಿಂದ ಕುರ್ಚಿ ಬಂತು. ಸಾಹೇಬರು ಕೂತು, ಕೂಳೆ ಗೀಳೆ ಬಿಟ್ಟು ನೇರ ವಿಷಯಕ್ಕೆ ಬಂದರು. ದೂರದ ಕಂಪನಿಯೊಂದು ತಾನು ಬಿಡುವ ಹೊಗೆಗೆ ಬದಲಾಗಿ, ಇಂಗಾಲ ಹಿಡಿದಿಟ್ಟುಕೊಳ್ಳುವ ಮಣ್ಣನ್ನು ಹುಡುಕುತ್ತಿದೆ. ಅಂಥ ಮಣ್ಣಿದ್ದವರಿಗೆ ವರ್ಷವರ್ಷವೂ ಹಣ.

ಧಣಿಯ ಕಾಲು ಜಗಲಿಯಿಂದ ಕೆಳಗಿಳಿಯಿತು. "ಸುಮ್ನೆ ಮಣ್ಣು ಇದ್ರೆ ದುಡ್ಡು ಕೊಡ್ತಾರಾ?"

"ಮಣ್ಣು ಕಪ್ಪಗಿರ್ಬೇಕು ಅಷ್ಟೇ. ನಮ್ಮ ಹುಡುಗಿ ನಿಮ್ಮ ಎಲ್ಲಾ ಜಮೀನಿಂದ್ಲೂ ಮಾದರಿ ತೆಗೀತಾಳೆ."

"ತೆಗೀಲಿ ತೆಗೀಲಿ. ಹೊಲ ಏನು, ಮುಟ್ಟಿದ್ರೆ ಮೈಲಿಗೆ ಆಗಲ್ಲ" ಅಂದ ಧಣಿ.

ಸಂಜೆ ಅವ್ವ ಒಲೆಯ ಮುಂದೆ ಕೂತು ಕೇಳಿದಳು. "ಅದೇನೇ ಅದು, ಕಾರ್ಬನ್ನು?"

"ಮಸಿ ಅಂದ್ಕೋ ಅವ್ವ. ಗಾಳೀಲಿರೋ ಮಸಿ."

"ಮಸಿಗೆ ದುಡ್ಡು ಕೊಡ್ತಾರಾ? ಹಂಗಾದ್ರೆ ನಮ್ಮ ಗೋಡೆ ಕೆರ್ಕೊಂಡು ಹೋಗು ಅನ್ನು ನಿನ್ನ ಸಾಹೇಬಂಗೆ."

ತಾಯಿ ಮಗಳು ಕೆಮ್ಮು ಬರುವಷ್ಟು ನಕ್ಕರು.

ಮಾದರಿ ತೆಗೆಯಲು ಅವಳ ಜೊತೆ ಚಿಕ್ಕಪ್ಪನನ್ನು ಕೂಲಿಗೆ ಹಾಕಿದ್ದರು. ಉದ್ದನೆಯ ಕಬ್ಬಿಣದ ಕೊಳವೆಯನ್ನು ನೆಲಕ್ಕೆ ಊರಿ, ಅಡ್ಡ ಹಿಡಿಯನ್ನು ಗಾಣದ ಎತ್ತಿನ ಹಾಗೆ ತಿರುಗಿಸಬೇಕು. ಕೊಳವೆ ಇಳಿಯುತ್ತದೆ. ಎಳೆದರೆ ಮಣ್ಣು ಕಡ್ಡಿಯ ಹಾಗೆ ಮೇಲೆ ಬರುತ್ತದೆ. ಅವಳು ಅದನ್ನು ಚೀಲಕ್ಕೆ ತುಂಬಿ ಜಾಗದ ಗುರುತು ಬರೆದು ಕಟ್ಟಬೇಕು. ಧಣಿಯ ಜಮೀನಿನಲ್ಲಿ ಹೋದಲ್ಲೆಲ್ಲ ಬಿಳಿಚಿಕೊಂಡ, ಉಪ್ಪು ಗೊಬ್ಬರ ಸುರಿದು ಸುರಿದು ಸತ್ವ ಹೋದ ಮಣ್ಣೇ ಬಂತು.

ಹಳ್ಳದ ಆಚೆಗಿನ ತಗ್ಗು ಹೊಲಕ್ಕೆ ಬಂದಾಗ ಚಿಕ್ಕಪ್ಪ ಕೊಳವೆಯನ್ನು ಹೆಗಲಿನಿಂದ ಇಳಿಸಲಿಲ್ಲ.

"ಇಲ್ಲಿ ಬೇಡ ಮಗಳೇ."

ಅವಳಿಗೂ ಗೊತ್ತಿತ್ತು. ಅಪ್ಪನನ್ನು ಹೊತ್ತು ತಂದದ್ದು ಇಲ್ಲಿಗೇ. ಆಗ ಇದು ಕೇರಿಯ ಮಣ್ಣು ಮಾಡುವ ಜಾಗ. ಅವಳು ಹಾಸ್ಟೆಲಿನಲ್ಲಿದ್ದ ಒಂದು ಬೇಸಿಗೆಯಲ್ಲಿ ಧಣಿ ಬೇಲಿಯನ್ನು ಹಳ್ಳದ ಆಚೆಗೂ ಸರಿಸಿ, ಗುರುತಿನ ಕಲ್ಲುಗಳನ್ನೆಲ್ಲ ಕೀಳಿಸಿ ನೇಗಿಲು ಹೊಡೆಸಿಬಿಟ್ಟಿದ್ದ. ಕೇಳಲು ಹೋದವರಿಗೆ ಚಪ್ಪಲಿ ತೋರಿಸಿದ್ದ. ಅಂದಿನಿಂದ ಕೇರಿಯವರು ಸತ್ತವರನ್ನು ರಸ್ತೆ ಬದಿಯ ಕಲ್ಲುನೆಲದಲ್ಲಿ ಹೂಳುತ್ತಿದ್ದರು. ಅಲ್ಲಿ ಹಾರೆಗೂ ನೆಲ ಬಗ್ಗುತ್ತಿರಲಿಲ್ಲ.

"ಏನ್ರೋ ನಿಂತ್ಕೊಂಡ್ರಿ? ಇಲ್ಲೇನು ನಿಮ್ಮಪ್ಪಂದು ಗಂಟು ಹೂತಿದೀರಾ?" ಬದುವಿನ ಮೇಲಿದ್ದ ಮೇಸ್ತ್ರಿ ಕೂಗಿದ.

"ಹೂಂ, ಹೂತಿದೀವಿ" ಅಂದ ಚಿಕ್ಕಪ್ಪ, ಅವಳಿಗಷ್ಟೇ ಕೇಳುವ ಹಾಗೆ.

"ಕೊರಿಯೋ ಬೋಳಿಮಗನೇ!"

ಚಿಕ್ಕಪ್ಪ ಕೊರೆದ. ಕಣ್ಣು ಮುಚ್ಚಿಕೊಂಡು ತಿರುಗಿಸಿದ. ಮೇಲೆ ಬಂದ ಮಣ್ಣು ಕಾಡಿಗೆಯಷ್ಟು ಕಪ್ಪಗಿತ್ತು. ಹಿಡಿದರೆ ಪುಡಿಯಾಗಿ ಬೆರಳಸಂದಿಯಲ್ಲಿ ಇಳಿಯುತ್ತಿತ್ತು. ಅದರ ನಡುವೆ ಹಸಿರು ಬಳೆಯ ಚೂರೊಂದು ಸಿಕ್ಕಿತು.

"ಯಾರದು ಚಿಕ್ಕಪ್ಪ?"

"ಯಾರದಂತ ಹೇಳ್ಲಿ? ಯಾವ ಅಕ್ಕಂದೋ, ಯಾವ ಅತ್ತೇದೋ." ಅವನು ಚೂರನ್ನು ಅದೇ ತೂತಿಗೆ ಮೆಲ್ಲಗೆ ಜಾರಿಸಿ, ಹಿಮ್ಮಡಿಯಿಂದ ಮುಚ್ಚಿದ.

ಅವಳು ಚೀಲದ ಬಾಯಿ ಕಟ್ಟಿದಳು. ಕಟ್ಟುವಾಗ ಬೇಡವೆನ್ನಬಹುದಿತ್ತು. ಕೆಲಸ ಹೋದರೆ ಅವ್ವ ಮತ್ತೆ ಅದೇ ಕೊಟ್ಟಿಗೆಗೆ ಹೋಗಬೇಕು. ಕೈ ತನ್ನಷ್ಟಕ್ಕೆ ಗಂಟು ಹಾಕಿತು.

ಸಂಸ್ಥೆಯ ಆಫೀಸು ಪೇಟೆಯಲ್ಲಿ ಬೀಜದ ಅಂಗಡಿಯ ಮೇಲಿನ ಕೋಣೆ. ಅಲ್ಲಿ ಪ್ರತಿ ಮಣ್ಣನ್ನೂ ಸ್ವಲ್ಪ ನೀರು ಹನಿಸಿ ಗಾಜಿನ ಭರಣಿಯಲ್ಲಿ ಮುಚ್ಚಿಡುತ್ತಿದ್ದರು. ಬದುಕಿರುವ ಮಣ್ಣು ಉಸಿರು ಬಿಡುತ್ತದೆ. ಎಷ್ಟು ಬಿಡುತ್ತದೆಂದು ಅಳೆದು ಅದರ ಆರೋಗ್ಯ ಹೇಳುವುದು ಅವಳ ಕೆಲಸ. ಮಣ್ಣು ಉಸಿರಾಡುತ್ತೆ ಎಂದು ಅವಳೇ ಎಷ್ಟೋ ಅಂಗಳಗಳಲ್ಲಿ ನಿಂತು ಹೇಳಿದ್ದಳು. ಯಾರೂ ನಂಬುತ್ತಿರಲಿಲ್ಲ.

ಮಾರನೆಯ ದಿನ ಬಾಗಿಲು ತೆರೆದಾಗ ಉಳಿದ ಭರಣಿಗಳೆಲ್ಲ ತಿಳಿಯಾಗಿದ್ದವು. ತಗ್ಗು ಹೊಲದ್ದೊಂದು ಒಳಗಿನಿಂದ ಮಬ್ಬಾಗಿತ್ತು. ನೋಡುತ್ತಿದ್ದ ಹಾಗೆ ಹನಿಯೊಂದು ಗಾಜಿನ ಮೇಲೆ ಇಳಿದು ಗೆರೆ ಎಳೆಯಿತು. ಕೆಳಗೆ ಅಂಗಡಿಯವನು ಗಿರಾಕಿಯ ಜೊತೆ ಜೋರು ಚೌಕಾಸಿಯಲ್ಲಿದ್ದ, ಹಾಡಹಗಲು. ಅವಳು ಭರಣಿಗೆ ಕಿವಿಯಿಟ್ಟಳು. ಅಪ್ಪನಿಗೆ ಕೊನೆಗಾಲದಲ್ಲಿ ಉಸಿರು ಹಿಡಿಯುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ಕೂತು, ಎಳೆದು, ನಿಲ್ಲಿಸಿ, ಮತ್ತೆ ಎಳೆಯುತ್ತಿದ್ದ.

"ಅಪ್ಪಾ" ಅಂದಳು.

ಮುಚ್ಚಳ ತೆಗೆಯಲು ಕೈ ಹೋಯಿತು. ತೆಗೆಯಲಿಲ್ಲ. ಆಮೇಲೆ ಕೈ ಎಷ್ಟು ತೊಳೆದರೂ ಆ ಮಣ್ಣಿನ ವಾಸನೆ ಹೋಗಲಿಲ್ಲ. ಊಟಕ್ಕೆ ಕೂತರೆ ತುತ್ತಿನಲ್ಲೂ ಅದೇ.

ಅಳತೆ ನೋಡಿ ಸಾಹೇಬರು ಕುಣಿದಾಡುವುದೊಂದು ಬಾಕಿ. "ಇಂಥ ಮಣ್ಣು ನಾನು ಎಲ್ಲೂ ನೋಡಿಲ್ಲ! ಇದೇ ನಮ್ಮ ಮಾದರಿ ತಾಕು, ಎಲ್ರಿಗೂ ತೋರಿಸೋ ಹೊಲ. ಕಂಪನಿಯವರನ್ನ ಅಲ್ಲಿಗೇ ಕರೆಸೋಣ."

"ಸಾರ್, ಅದು ನಮ್ಮೋರನ್ನ ಹೂಳ್ತಿದ್ದ ಜಾಗ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಕೆಟ್ಟವರಲ್ಲ, ಅವಳ ಹೆಸರಿನ ಮುಂದೆ ಯಾವಾಗಲೂ ಅಮ್ಮ ಸೇರಿಸುವವರು.

"ನೋಡಮ್ಮ, ಭೂಮಿ ಮೇಲೆ ಯಾರನ್ನೂ ಹೂಳದ ಜಾಗ ಎಲ್ಲಿದೆ ಹೇಳು? ಜೀವಿ ಸತ್ರೆ ಗೊಬ್ಬರ. ಎಲೆಯಾದ್ರೇನು, ದನ ಆದ್ರೇನು. ಓದಿದೋಳು ನೀನು, ಎಮೋಷನಲ್ ಆಗ್ಬೇಡ."

"ನಮ್ಮಪ್ಪ ಇದಾನೆ ಸಾರ್ ಅಲ್ಲಿ."

"ಇರ್ಲಿ. ಜಗತ್ತಿಗೇ ಒಳ್ಳೇದು ಮಾಡ್ತಿದಾರೆ ಅಂದ್ಕೋ." ಅವಳ ಹೆಗಲು ತಟ್ಟಿ, ಫೋನು ಎತ್ತಿಕೊಂಡರು.

ಕಂಪನಿಯವರಿಗೆ ಮಣ್ಣಿನ ಪದರಗಳನ್ನು ತೋರಿಸಲು ಆಳುದ್ದದ ಗುಂಡಿಯೊಂದು ಬೇಕಿತ್ತು. ಕೇರಿಯ ಗಂಡಸರನ್ನೇ ಕರೆಸಿದರು. ಮೊದಲ ಮೂಳೆ ಸಿಕ್ಕಾಗ ಎಲ್ಲರೂ ಗುದ್ದಲಿ ಇಟ್ಟು ಮೇಲೆ ಬಂದರು. ಧಣಿ ಛತ್ರಿ ಹಿಡಿಸಿಕೊಂಡು ಬಂದ.

"ಯಾವ್ದೋ ನಾಯಿ ಮೂಳೆಗೆ ಇಷ್ಟು ರಂಪ ಏನ್ರೋ?"

"ನಾಯಿ ಅಲ್ಲ ಧಣಿ. ತಲೆ ಸಿಕ್ತು" ಅಂದ ಚಿಕ್ಕಪ್ಪ.

"ತಲೆ ಸಿಕ್ಕಿದ್ರೆ ನಿನ್ನ ತಲೆ ಜೊತೆ ಇಟ್ಕೋ. ನಿಮ್ಮ ಪೈಕಿ ಬದುಕಿದ್ದಾಗ ಒಬ್ಬನಿಗೂ ತಲೆ ಇರ್ಲಿಲ್ಲ." ಸುತ್ತಲಿದ್ದವರ ನಗುವಿಗೆ ಕಾದು, ಯಾರೂ ನಗದಿದ್ದಾಗ ದನಿ ಏರಿಸಿದ. "ಎಲ್ಲಾ ಚೀಲಕ್ಕೆ ತುಂಬ್ರೋ. ತೋಟದ ನಿಂಬೆಗಿಡದ ಬುಡಕ್ಕೆ ಹಾಕ್ರಿ, ಚೆನ್ನಾಗಿ ಕಾಯಿ ಹಿಡಿಯುತ್ತೆ. ಈ ಗುಂಡಿ ಸಂಜೆಯೊಳಗೆ ಆಗ್ಬೇಕು. ಇಲ್ದಿದ್ರೆ ಕೇರೀಲಿ ಒಬ್ಬನಿಗೂ ಈ ಸುಗ್ಗೀಲಿ ಕೂಲಿ ಇಲ್ಲ. ಏನೇ ಮಣ್ಣಕ್ಕಾ, ಹೇಳೇ ನಿನ್ನ ಜನಕ್ಕೆ!"

ಎಲ್ಲರೂ ಅವಳ ಕಡೆ ನೋಡಿದರು. ಅವಳು ಬದುವಿನ ಮೇಲೆ ನಿಂತಿದ್ದ ಸಾಹೇಬರ ಕಡೆ ನೋಡಿದಳು. ಸಾಹೇಬರು ಆಕಾಶದಲ್ಲಿ ಮೋಡ ಹುಡುಕುತ್ತಿದ್ದರು. ಗಂಡಸರು ಒಬ್ಬೊಬ್ಬರಾಗಿ ಗುಂಡಿಗೆ ಇಳಿದರು.

ಚೀಲ ನಿಂಬೆಗಿಡಕ್ಕೆ ಹೋಗಲಿಲ್ಲ. ಚಿಕ್ಕಪ್ಪ ಅದನ್ನು ಮೇವಿನ ಹೊರೆಯಲ್ಲಿ ಮುಚ್ಚಿ ಮನೆಗೆ ತಂದಿದ್ದ. ಮಣ್ಣಕ್ಕ ಬರುವಾಗ ದೀಪ ಹಚ್ಚುವ ಹೊತ್ತು. ತಾನು ಮಲಗುವ ಮೂಲೆಯಲ್ಲಿ ಅವ್ವ ಚೀಲ ಇಟ್ಟು, ತನ್ನ ಸೀರೆ ಹೊದಿಸಿ, ಎದುರಿಗೆ ಒಂದು ಚೊಂಬು ನೀರಿಟ್ಟು ಕೂತಿದ್ದಳು.

"ಯಾರು ಯಾರು ಅಂತ ಗೊತ್ತಾಗಲ್ಲ ಕಣೇ" ಅಂದಳು, ಮನೆಗೆ ನೆಂಟರು ಬಂದಾಗ ಹೇಳುವ ದನಿಯಲ್ಲಿ. "ಎಲ್ರಿಗೂ ಒಟ್ಟಿಗೇ ನೀರಿಟ್ಟಿದೀನಿ. ನಿಮ್ಮಪ್ಪ ಇದ್ರೆ ಕುಡೀತಾನೆ."

ಮಣ್ಣಕ್ಕ ಹೊಸ್ತಿಲ ಮೇಲೆ ಕೂತಳು. "ನನ್ನಿಂದ್ಲೇ ಆಯ್ತು ಅವ್ವ."

"ನಿನ್ನಿಂದ ಆಗಿದ್ದು ಆಯ್ತು. ಮೆತ್ತಗೆ ಮಾತಾಡು." ಅವ್ವ ಸೀರೆಯ ಅಂಚನ್ನು ಚೀಲದ ಕೆಳಗೆ ಸಿಕ್ಕಿಸಿದಳು, ಮಗುವಿಗೆ ಚಳಿಯಾಗದ ಹಾಗೆ. "ಇವ್ರನ್ನ ಎಲ್ಲಿ ಇಡ್ತೀಯಾ ಈಗ? ಅದು ಹೇಳು. ಆ ಕಲ್ಲು ಮೇಲೆ ಹಾಕ್ಬೇಡ. ಅಲ್ಲಿ ಯಾರಿಗೂ ನಿದ್ದೆ ಬರಲ್ಲ."

ಕಂಪನಿಯವರು ಬಂದ ಬೆಳಿಗ್ಗೆ ತಗ್ಗು ಹೊಲದಲ್ಲಿ ಶಾಮಿಯಾನ ಎದ್ದಿತ್ತು. ಬಿಳಿ ಕ್ಯಾಪು ತೊಟ್ಟ ಅತಿಥಿಗಳು ಗುಂಡಿಯ ಸುತ್ತ ನಿಂತರು. ಸಾಹೇಬರು ಇಂಗ್ಲಿಷಿನಲ್ಲಿ ಧಣಿಯ ಮನೆತನವನ್ನು ಹೊಗಳಿದರು. ತಲೆತಲಾಂತರದಿಂದ ಮಣ್ಣನ್ನು ಮಕ್ಕಳಂತೆ ಸಾಕಿದವರು ಅಂದರು. ಚಪ್ಪಾಳೆ ಬಿತ್ತು. ಧಣಿಗೆ ಅರ್ಥವಾಗದಿದ್ದರೂ ಕೈ ಮುಗಿದ.

"ಈಗ ನಮ್ಮ ಸಲಹೆಗಾರ್ತಿ ಪದರಗಳ ಬಗ್ಗೆ ಹೇಳ್ತಾಳೆ. ಇಳಿಯಮ್ಮ."

ಅವಳು ಏಣಿ ಹಿಡಿದು ಇಳಿದಳು. ಗುಂಡಿಯ ಒಳಗೆ ತಂಪಿತ್ತು. ಗೋಡೆಯ ಕಪ್ಪು ಪದರದಲ್ಲಿ ಮೊನ್ನೆ ಏನನ್ನೋ ಕಿತ್ತ ಗುಳಿಯೊಂದು ಹಾಗೇ ಇತ್ತು, ತಲೆ ಇಟ್ಟೆದ್ದ ದಿಂಬಿನ ಹಾಗೆ. ಅವಳು ಅದರೊಳಗೆ ಅಂಗೈ ಇಟ್ಟಳು. ಮೇಲೆ ಯಾರೋ ಕೆಮ್ಮಿದರು.

"ಶುರು ಮಾಡಮ್ಮ" ಅಂದರು ಸಾಹೇಬರು.

"ಚಿಕ್ಕಪ್ಪಾ, ಕೊಡು" ಅಂದಳು ಅವಳು.

ಅತಿಥಿಗಳ ನಡುವಿನಿಂದ ಚಿಕ್ಕಪ್ಪ ಬಂದ. ತಲೆಯ ಮೇಲೆ ಸೀರೆ ಸುತ್ತಿದ ಚೀಲ. ಹಿಂದೆ ಅವ್ವ, ಅವಳ ಹಿಂದೆ ಕೇರಿಯ ಹೆಂಗಸರು. ಮಣ್ಣಕ್ಕ ಕೆಳಗಿನಿಂದ ಕೈ ಚಾಚಿ ಚೀಲ ಇಳಿಸಿಕೊಂಡಳು. ಸೀರೆಯನ್ನು ತಳಕ್ಕೆ ಹಾಸಿ ಒಂದೊಂದಾಗಿ ಇಡತೊಡಗಿದಳು. ಅತಿಥಿಯೊಬ್ಬ ಇದೇನೆಂದು ಕೇಳಿದ. ಸಾಹೇಬರು ಬೆವರು ಒರೆಸಿಕೊಂಡು ಇದೂ ಪ್ರಾತ್ಯಕ್ಷಿಕೆಯ ಭಾಗ ಎಂದರು. ಅತಿಥಿ ತಲೆಯಾಡಿಸಿ ಫೋಟೋ ತೆಗೆದ. ಆಮೇಲೆ ತಲೆಬುರುಡೆ ಕಂಡಿತು. ಫೋನು ಕೆಳಗಿಳಿಯಿತು.

"ಎಳೀರೋ ಆ ಮುಂಡೇನ ಆಚೆ!" ಧಣಿ ಅರಚಿದ.

ಮೇಸ್ತ್ರಿ ಬಗ್ಗಿ ಅವಳ ಜಡೆಗೆ ಕೈ ಹಾಕಿದ. ಅವ್ವ ಎರಡು ಕೈ ತುಂಬ ಮಣ್ಣು ತೆಗೆದು ಅವನ ಮುಖಕ್ಕೆ ಎರಚಿದಳು. ಅವನು ಕಣ್ಣು ಉಜ್ಜಿಕೊಳ್ಳುತ್ತ ಹಿಂದೆ ಬಿದ್ದ. ಹೆಂಗಸರು ಧಣಿಗೆ ಬೆನ್ನು ಮಾಡಿ ಗುಂಡಿಯ ಸುತ್ತ ಗೋಡೆಯಾಗಿ ನಿಂತರು.

"ನಾಳೆಯಿಂದ ನನ್ನ ಹೊಲಕ್ಕೆ ಕಾಲಿಟ್ರೆ ಕಾಲು ಮುರೀತೀನಿ! ಕೇಳಿಸ್ತೇನ್ರೇ?"

ಯಾರೂ ತಿರುಗಲಿಲ್ಲ. ಮಣ್ಣಕ್ಕ ಸೀರೆಯ ಎರಡೂ ಅಂಚು ಮಡಚಿ ಮುಚ್ಚಿದಳು. ಮೊದಲ ಮಣ್ಣನ್ನು ಕೈಯಿಂದಲೇ ಹಾಕಿದಳು. ಗಂಡಸರು ಬಂದು ಗುದ್ದಲಿ ಎತ್ತಿಕೊಂಡರು. ಮೇಲಿನಿಂದ ಮಣ್ಣು ಬಿದ್ದಂತೆಲ್ಲ ಅವಳು ಮೆಲ್ಲಗೆ ತುಳಿದು ಅದರ ಮೇಲೆ ನಿಲ್ಲುತ್ತಿದ್ದಳು. ಮತ್ತೆ ಬಿತ್ತು. ಮತ್ತೆ ತುಳಿದಳು. ಗುಂಡಿ ತುಂಬುತ್ತ ಅವಳೂ ಅದರ ಜೊತೆಗೆ ಮೇಲೆ ಬಂದಳು. ಧಣಿ ಬೈಯುತ್ತ ಮನೆಯ ಕಡೆ ನಡೆದ. ಜೀಪುಗಳು ಒಂದರ ಹಿಂದೊಂದು ಹೊರಟವು. ಸಾಹೇಬರು ಕೊನೆಯ ಜೀಪಿನಿಂದ ಅವಳನ್ನು ಹೆಸರು ಹಿಡಿದು ಕರೆದರು, ಈ ಸಲ ಅಮ್ಮ ಸೇರಿಸದೆ.

ನೆಲ ಸಮವಾಯಿತು. ಧಣಿಯ ಮನೆಯ ಕಡೆಯಿಂದ ಟ್ರ್ಯಾಕ್ಟರ್ ಶುರುವಾದ ಸದ್ದು ಕೇಳಿಸಿತು. ಚಿಕ್ಕಪ್ಪ ಅತ್ತ ನೋಡಿದ.

"ನೇಗಿಲು ಹಾಕ್ಕೊಂಡೇ ಬರ್ತಿದಾನೆ."

"ಬರ್ಲಿ" ಅಂದಳು ಅವ್ವ. ಹೊಸ ಮಣ್ಣಿನ ಮೇಲೆ ಕೂತು ಕಾಲು ಚಾಚಿದಳು. ಪಕ್ಕದಲ್ಲಿ ಮಣ್ಣಕ್ಕ ಕೂತಳು. ಚಿಕ್ಕಪ್ಪ ಕೂತ. ಹೆಂಗಸರು ಕೂತರು. ಗಂಡಸರು ಗುದ್ದಲಿ ಮಲಗಿಸಿ ಕೂತರು. ಕೆಳಗಿನಿಂದ ತಂಪು ಮೈಗೆ ಹತ್ತುತ್ತಿತ್ತು. ಹಳ್ಳ ದಾಟುವಾಗ ಟ್ರ್ಯಾಕ್ಟರಿನ ಸದ್ದು ಒಮ್ಮೆ ತಗ್ಗಿ ಮತ್ತೆ ಜೋರಾಯಿತು. ಯಾರೂ ಏಳಲಿಲ್ಲ.