ಮೇಲಕ್ಕೆ ಹೋಗುವ ಬೆಳಕು

“ಸೊನ್ನೆ ಅಂತ ಹಾಕ್ಬಿಡಕ್ಕ. ಯಾರು ಬಂದು ಕತ್ತೆತ್ತಿ ನೋಡ್ತಾರೆ?”

ತಮ್ಮ ಅವಳ ಮೇಜಿಗೆ ಆತು ನಿಂತು, ಕೊರಳಲ್ಲಿದ್ದ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ. ಮೇಜಿನಡಿಯಲ್ಲಿ ಅವಳ ಕಾಲೂ ಸುಮ್ಮನಿರಲಿಲ್ಲ. ಕಂಪ್ಯೂಟರಿನ ಮೇಲೆ ಊರಿನ ನಕ್ಷೆ. ಯಾವ ದೀಪದ ಬೆಳಕು ಎಷ್ಟು ಮೇಲಕ್ಕೆ ಹೋಗುತ್ತದೆ, ದೂಳಿಗೆ, ತೇವಕ್ಕೆ ತಾಗಿ ಎಷ್ಟು ಚದುರುತ್ತದೆ, ಗುಡ್ಡದ ಮೇಲಿನ ದೂರದರ್ಶಕಕ್ಕೆ ಇರುಳನ್ನು ಎಷ್ಟು ಮಾಸಲು ಮಾಡುತ್ತದೆ ಎಂದು ಲೆಕ್ಕ ಹಾಕುವುದು ಅವಳ ಕೆಲಸ. ತಮ್ಮ ಹುಡುಗಿಯರಿಗೆ ಆಟ ಕಲಿಸುವ ಫುಟ್ಬಾಲ್ ಮೈದಾನ ನಕ್ಷೆಯಲ್ಲಿ ಕೆಂಡದಂತೆ ಕೂತಿತ್ತು. ಸಂಜೆಯೊಳಗೆ ನಕ್ಷೆ ನಗರಸಭೆಗೆ ಹೋಗಬೇಕು. ಕೆಂಪು ಬಿದ್ದ ಕಡೆ ಕತ್ತಲಾದ ಮೇಲೆ ದೀಪ ಹಾಕುವಂತಿಲ್ಲ.

“ದೀಪಕ್ಕೆ ಮುಚ್ಚಳ ಹಾಕ್ಸು ಅಂತ ಹೋದ ವರ್ಷಾನೇ ಬಡ್ಕೊಂಡೆನಲ್ಲೋ.”

“ಹಾಕಿದ್ರೆ ಎತ್ತರಕ್ಕೆ ಹೋದ ಚೆಂಡು ಕಾಣಲ್ಲ ಕಣಕ್ಕ. ತಲೆ ಮೇಲೆ ಬೀಳಿಸ್ಕೊಂಡು ಆಡ್ಬೇಕಾ? ಹಗಲೆಲ್ಲ ದುಡಿಯೋ ಹುಡುಗೀರು, ಸಂಜೆ ಬಿಟ್ರೆ ಇನ್ಯಾವಾಗ ಬರ್ತಾರೆ? ನೀನು ಆಕಾಶಕ್ಕೆ ಏಣಿ ಹಾಕೋಕೆ ಹೋಗಿ ನನ್ನ ಕಾಲಡಿ ನೆಲ ಎಳೀಬೇಡ.”

ಹೊರಟವನು ಬಾಗಿಲಲ್ಲಿ ತಿರುಗಿದ. “ಸೈಕಲ್ ಕಲಿಸೋವಾಗ, ಹಿಂದೆ ಹಿಡ್ಕೊಂಡಿದೀನಿ ಕಣೋ ಅಂತ ಕೈಬಿಟ್ಟು ಸುಳ್ಳು ಹೇಳಿದ್ಯಲ್ಲ. ಅಂಥದ್ದೇ ಇನ್ನೊಂದು.”

ಅವನು ಹೋದ ಮೇಲೆ ಅವಳು ಮೈದಾನದ ಅಂಕಿ ಅಳಿಸಿ ಸೊನ್ನೆ ಹಾಕಿದಳು. ಮೈದಾನ ತಣ್ಣಗೆ ಹಳದಿಯಾಯಿತು. ಇಷ್ಟೇನಾ ಅನ್ನಿಸಿತು. ಆದರೆ ಊರಿನ ಬೆಳಕಿನ ಒಟ್ಟು ಮೊತ್ತ, ಗುಡ್ಡದ ಮೇಲಿನ ಮಾಪಕ ಅಳೆದ ಬೆಳಕಿಗೆ ತಾಳೆಯಾಗಬೇಕಲ್ಲ. ಕಡಿಮೆ ಬಿದ್ದ ಬೆಳಕನ್ನು ಲೆಕ್ಕ ತಾನಾಗಿಯೇ ಪಕ್ಕದವರ ತಲೆಗೆ ಕಟ್ಟಿತ್ತು. ರಸ್ತೆಯಾಚೆಯ ಬಸ್ ನಿಲ್ದಾಣ ಕೆಂಪಗಾಗಿತ್ತು.

ಎದ್ದಳು. ಬಾಯಾರದಿದ್ದರೂ ನೀರು ಕುಡಿದಳು. ಕಿಟಕಿ ಹಾಕಿದಳು, ಮತ್ತೆ ತೆರೆದಳು. ಅಜ್ಜಿ ಪದ್ಯ ಓದುವಾಗ ಹೀಗೇ: ಒಂದು ಅಕ್ಷರ ನುಂಗಿದರೆ ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮುಂದಿನ ಸಾಲು ಎಡವುತ್ತಿತ್ತು. ಅಜ್ಜಿ ಹಿಂದಕ್ಕೆ ಹೋಗಿ ಮೊದಲಿಂದ ಹಿಡಿಯುತ್ತಿದ್ದಳು.

ಅವಳೂ ಹಿಂದಕ್ಕೆ ಹೋದಳು. ಹಳೆಯ ಅಂಕಿಯನ್ನೇ ಹಾಕಿ, ಕಳಿಸಿ, ಮುಖ ತೊಳೆಯದೆ ನೇರ ಮೈದಾನಕ್ಕೆ ನಡೆದಳು.

ಆಗಲೇ ಕತ್ತಲಿಳಿದಿತ್ತು. ಗೋಲಿನ ಬಳಿಯ ಎರಡು ದೀಪಗಳಷ್ಟೇ ಉರಿಯುತ್ತಿದ್ದವು. ಅವುಗಳ ನೆತ್ತಿಗೆ ಎಣ್ಣೆ ಡಬ್ಬದ ತಗಡು ಕತ್ತರಿಸಿ, ತಂತಿಯಲ್ಲಿ ಬಿಗಿದಿತ್ತು.

“ಕಳಿಸಿದ್ಯಾ?” ತಮ್ಮ ಅವಳ ಮುಖ ನೋಡಲಿಲ್ಲ.

“ಇದ್ದದ್ದು ಇದ್ದ ಹಾಗೆ.”

“ಹೂಂ. ಹಾಗೆ ಹೇಳಿದೋರ ಎದೆಗೆ ಎದ್ದು ಬಂದು ಒದೀಬೇಕಂತೆ, ಗಾದೆ.” ಚೆಂಡನ್ನು ಕಾಲಿಗೆ ಎಳೆದುಕೊಂಡ. “ಅಕ್ಕ ಆಗಿ ಹುಟ್ಟಿ ಬಚಾವಾದೆ. ತಗಡು ಕಟ್ಟಿದೀನಿ, ನೀನೇ ನೋಡು ಏನಾಗುತ್ತೆ.”

ಸಿಟ್ಟೆಲ್ಲ ಕಾಲಿಗೆ ತಂದು ನೆಟ್ಟಗೆ ಮೇಲಕ್ಕೆ ಒದ್ದ. ಚೆಂಡು ತಗಡಿನ ಅಂಚು ದಾಟಿದ್ದೇ ಕಾಣದಾಯಿತು. “ಅಯ್ಯೋ, ಎಲ್ಲೋಯ್ತು!” ಎಂದು ಹುಡುಗಿಯರು ನೆತ್ತಿಗೆ ಕೈ ಅಡ್ಡ ಹಿಡಿದು ನಗುತ್ತ ಚದುರಿದರು, ಆಮೇಲೆ ಇದ್ದಲ್ಲೇ ನಿಂತು ಮೇಲೆ ಮೂಡಿದ್ದ ಚುಕ್ಕಿಗಳನ್ನು ನೋಡತೊಡಗಿದರು. ತಮ್ಮನೂ ಕತ್ತೆತ್ತಿದ್ದ.

ಚೆಂಡು ಇನ್ನೂ ಕೆಳಗೆ ಬಂದಿರಲಿಲ್ಲ.