ಮೂಟೆ ಇಳಿಸುವ ಕಟ್ಟೆ

ಹಿಮಾಲಯದ ಮುನ್ಸ್ಯಾರಿಯಲ್ಲಿ ಆವತ್ತು ಎಲ್ಲಿಗೂ ಹೋಗುವುದಿಲ್ಲ ಎಂದು ಸುಮಾ ಹೇಳುವ ಹೊತ್ತಿಗೆ ಹನುಮಯ್ಯ ಶೂ ಹಾಕಿಕೊಂಡು, ಮಂಕಿ ಕ್ಯಾಪ್ ಎಳೆದುಕೊಂಡು, ಬ್ಯಾಗಿನ ಜಿಪ್ಪು ಹಾಕಿ ಮಂಚದ ತುದಿಯಲ್ಲಿ ಕೂತಾಗಿತ್ತು.

"ಎಲ್ಗೂ ಓಗಲ್ವಾ? ಮತ್ತೆ ಏನ್ ಮಾಡದು?"

"ಏನೂ ಮಾಡಲ್ಲ. ಇವತ್ತು ರೆಸ್ಟ್ ಡೇ ಅಪ್ಪ. ಎರಡು ದಿನ ಜೀಪಲ್ಲಿ ಕುಲುಕಿ ಕುಲುಕಿ ನಿನ್ ಸೊಂಟ ಏನಾಗಿದ್ಯೋ. ಸುಮ್ನೆ ಬಿಸಿಲು ಕಾಯಿಸ್ಕೊಂಡು ಕೂತ್ಕೋ."

ಸುಮ್ಮನೆ ಕೂರುವುದು ಹನುಮಯ್ಯನಿಗೆ ಗೊತ್ತಿರಲಿಲ್ಲ. ಯಶವಂತಪುರದ ಯಾರ್ಡಿನಲ್ಲಿ ಮೂವತ್ತೆಂಟು ವರ್ಷ ಮೂಟೆ ಹೊತ್ತ ಹಮಾಲಿ ಅವನು. ಬೆಳಗಿನ ಜಾವ ಲಾರಿಯ ಹಿಂಬಾಗಿಲು ಬಿಚ್ಚಿದ ಸದ್ದಾದರೆ ಸಾಕು, ನಿದ್ದೆಗಣ್ಣಿನಲ್ಲೇ ಟವಲು ಹೆಗಲಿಗೇರುತ್ತಿತ್ತು. ಹೋದ ವರ್ಷ ಸೊಂಟದ ಆಪರೇಷನ್ ಆದಮೇಲೆ ಬ್ಯಾಟರಾಯನಪುರದ ಮನೆಯಲ್ಲೇ ಇದ್ದ. ಆದರೂ ನೀರಿನ ಡ್ರಮ್ಮನ್ನು ಅಲ್ಲಿಂದ ಇಲ್ಲಿಗೆ ಜರುಗಿಸುವುದು, ಪಕ್ಕದ ಮನೆಯವರ ಗ್ಯಾಸ್ ಸಿಲಿಂಡರ್ ಕಂಡರೆ ಕೈ ಹಾಕಲು ಹೋಗುವುದು ನಿಂತಿರಲಿಲ್ಲ. ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಮಗಳು ನೋಡಿ ನೋಡಿ ಸಾಕಾಗಿ, ಹತ್ತು ದಿನ ರಜೆ ಹಾಕಿ, ಹಿಮಾಲಯ ತೋರಿಸುತ್ತೇನೆ ಬಾ ಎಂದು ಕರೆತಂದಿದ್ದಳು.

ಹನ್ನೊಂದು ಗಂಟೆಯವರೆಗೆ ಅವನು ಲಾಡ್ಜಿನ ಜಗಲಿಯಲ್ಲಿ ಅತ್ತಿಂದಿತ್ತ ಓಡಾಡಿದ. ಎದುರಿಗೆ ಐದು ಹಿಮದ ಶಿಖರಗಳು ಬಿಸಿಲಿಗೆ ಮಿನುಗುತ್ತಿದ್ದವು. ಅವುಗಳನ್ನೂ ಎಷ್ಟು ಹೊತ್ತು ನೋಡುವುದು? ಸುಮಾ ಬಟ್ಟೆ ಒಗೆಯುತ್ತಿರುವಾಗ ಮೆಲ್ಲಗೆ ಗೇಟು ದಾಟಿ ಕಲ್ಲುಮೆಟ್ಟಿಲ ದಾರಿ ಹಿಡಿದು ಇಳಿದ.

ದಾರಿ ತಿರುಗುವಲ್ಲಿ ಒಂದು ಕಲ್ಲಿನ ಕಟ್ಟೆ ಇತ್ತು. ಕೂರುವುದಕ್ಕೆ ತುಸು ಎತ್ತರ, ಒರಗಿ ನಿಲ್ಲುವುದಕ್ಕೆ ಸರಿಯಾದ ಅಳತೆ. ಅಂಚೆಲ್ಲ ಸವೆದು ನುಣುಪಾಗಿತ್ತು. ಯಾರೂ ಹೇಳಿಕೊಡದೆಯೇ ಅದು ಯಾತಕ್ಕೆಂದು ಹನುಮಯ್ಯನಿಗೆ ತಿಳಿದುಹೋಯಿತು. ಬೆನ್ನ ಮೇಲೆ ಹೊರೆ ಇದ್ದವನು ಬಗ್ಗಬೇಕಿಲ್ಲ, ಕುಕ್ಕರಿಸಬೇಕಿಲ್ಲ, ಎರಡು ಹೆಜ್ಜೆ ಹಿಂದಕ್ಕಿಟ್ಟರೆ ಸಾಕು. ಅಂಗೈಯಿಂದ ಕಲ್ಲನ್ನು ಸವರಿದ. ಬೆಚ್ಚಗಿತ್ತು.

ಅಷ್ಟರಲ್ಲಿ ಕೆಳಗಿನ ಹೊಲಗಳ ಕಡೆಯಿಂದ ಒಬ್ಬ ಮೂಟೆ ಹೊತ್ತು ಮೇಲೇರಿ ಬಂದ. ಹಣೆಗೆ ಅಡ್ಡಲಾಗಿ ಪಟ್ಟಿ, ಅದರ ಜೋರಿಗೆ ಮೂಟೆ ಬೆನ್ನಿಗಂಟಿಕೊಂಡಿತ್ತು. ವಯಸ್ಸು ಹನುಮಯ್ಯನದೇ ಇರಬೇಕು. ಅವನು ಕಟ್ಟೆಗೆ ಬೆನ್ನು ಕೊಡುವ ಮೊದಲೇ ಹನುಮಯ್ಯನ ಎರಡು ಕೈಗಳೂ ಮೂಟೆಯ ಮೂಲೆಗಳಡಿಗೆ ಹೋಗಿದ್ದವು.

"ಇಳ್ಸು ಅಣ್ಣ, ನಾನ್ ಇಡ್ಕೊಂಡಿವ್ನಿ. ನಿಧಾನ, ನಿಧಾನ..."

ಭಾಷೆ ತಿಳಿಯದಿದ್ದರೂ ಕೈ ತಿಳಿಯಿತು. ಆ ಮನುಷ್ಯ ಬೆರಗಾಗಿ ತಿರುಗಿ ನೋಡಿ ನಕ್ಕ. ಹೆಸರು ಬೀರ್ ಬಹಾದೂರ್ ಎಂದ.

ಹನುಮಯ್ಯ ಮೂಟೆಗೆ ಮೂಗು ಹಚ್ಚಿ ನೋಡಿದ. "ಆಲೂ?"

"ಆಲೂ."

"ಕಿತ್ನಾ ಕಿಲೋ?"

"ಪಚಾಸ್."

ಲಾರಿ ಡ್ರೈವರುಗಳಿಂದ ಕಲಿತ ಹಿಂದಿ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಹನುಮಯ್ಯ ತನ್ನ ಎದೆ ತಟ್ಟಿಕೊಂಡು "ಹಮ್, ಸೌ ಕಿಲೋ" ಎಂದು, ಅವನ ಐವತ್ತಕ್ಕೆ ತನ್ನದು ನೂರು ಎಂಬ ಜಂಬದಿಂದಲೇ ಹೇಳಿ, ಕಾಲರು ಸರಿಸಿ ಕತ್ತಿನ ಹಿಂದೆ ಗಟ್ಟಿಯಾಗಿ ನಿಂತ ಗಂಟನ್ನು ತೋರಿಸಿದ. ಬಹಾದೂರ್ ಟೋಪಿ ತೆಗೆದ. ಹಣೆಯಿಂದ ಮೇಲಕ್ಕೆ ಎರಡು ಬೆರಳಗಲ, ಪಟ್ಟಿ ಉಜ್ಜಿ ಕೂದಲು ಹೋಗಿ, ಚರ್ಮ ಹೊಳೆಯುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಮನಸಾರೆ ನಕ್ಕರು. ಆಮೇಲೆ ಕಟ್ಟೆಯ ಮೇಲೆ ಹತ್ತಿ, ಮೂಟೆಗೆ ಆಚೆಗೊಬ್ಬರು ಈಚೆಗೊಬ್ಬರು ಒರಗಿದರು. ಎಲ್ಲೋ ನೀರು ಹರಿಯುವ ಸದ್ದು. ಬಿಸಿಲು ಮಂಡಿಗಳಿಗೆ ಇಳಿಯಿತು.

ಹನುಮಯ್ಯನಿಗೆ ಕನಸು ಬಿತ್ತು. ಯಶವಂತಪುರದ ಯಾರ್ಡೇ, ಆದರೆ ಲಾರಿಗಳಿಲ್ಲ, ಕೂಗಾಟವಿಲ್ಲ. ನೆಲದಲ್ಲಿ ಮೋಡ ಮೊಣಕಾಲೆತ್ತರ ಹರಿಯುತ್ತಿದೆ. ಐದು ಶಿಖರಗಳೂ ಐದು ಬಿಳಿ ಮೂಟೆಗಳಾಗಿ ಸಾಲಾಗಿ ನಿಂತಿವೆ. ತೀರಿಕೊಂಡು ಎಷ್ಟೋ ಕಾಲವಾದ ಮೇಸ್ತ್ರಿ ನರಸಯ್ಯ ಬೀಡಿ ಹಚ್ಚಿಕೊಂಡು ಪಕ್ಕದಲ್ಲಿ ಕೂತಿದ್ದಾನೆ. ಹನುಮಯ್ಯ ಟವಲು ಮಡಿಸುತ್ತ ಏಳಲು ಹೋದರೆ, "ಇರ್ಲಿ ಬಿಡ್ಲಾ ಅನುಮ. ಅವು ಎಲ್ಗೂ ಓಗ್ಬೇಕಾಗಿಲ್ಲ" ಅನ್ನುತ್ತಾನೆ.

ಎಚ್ಚರವಾದಾಗ ನೆರಳು ದಾರಿಯ ನಡುವಿಗೆ ಬಂದಿತ್ತು. ಬಹಾದೂರ್ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಎಬ್ಬಿಸೋಣವೆಂದು ಚಾಚಿದ ಕೈಯನ್ನು ಹನುಮಯ್ಯ ಹಿಂದಕ್ಕೆ ತೆಗೆದುಕೊಂಡ. ಯಾರ್ಡಿನಲ್ಲಿ ಮಲಗಿದವನನ್ನು ಎಬ್ಬಿಸುವವರೇ ಎಲ್ಲ, ಕಾಯುವವರು ಯಾರಿದ್ದರು? ಒಂದು ಮೇಕೆ ಬಂದು ಮೂಟೆಯ ಹೊಲಿಗೆಗೆ ಬಾಯಿ ಹಾಕಿತು. ಸದ್ದಿಲ್ಲದೆ ಅದರ ಮೂತಿ ಹಿಡಿದು ಆಚೆ ತಿರುಗಿಸಿದ.

"ಅಪ್ಪಾ! ಎಲ್ಲೆಲ್ಲಿ ಹುಡುಕೋದು ನಿನ್ನ!" ಸುಮಾ ಏದುಸಿರು ಬಿಡುತ್ತ ಮೆಟ್ಟಿಲಿಳಿದು ಬಂದಳು.

"ಶ್... ಮಲ್ಗವ್ನೆ ಕಣಮ್ಮ."

ಆದರೆ ಬಹಾದೂರ್ ಕಣ್ಣುಬಿಟ್ಟಾಗಿತ್ತು. ಮುಖ ಒರೆಸಿಕೊಂಡು ಇಳಿದು, ಪಟ್ಟಿಯನ್ನು ಹಣೆಗೇರಿಸಿದ. ಹನುಮಯ್ಯ ಮೂಟೆಗೆ ಕೈಯಿಟ್ಟ.

"ಅಪ್ಪ, ಸೊಂಟ!"

"ಎತ್ತಲ್ಲ ಕಣೆ, ಬರೀ ಕೈ ಕೊಡ್ತೀನಿ."

ಸುಮಾ ಬೈಯಲು ಬಾಯಿ ತೆರೆದವಳು ಏನನ್ನಿಸಿತೋ, ತಾನೂ ಇನ್ನೊಂದು ಮೂಲೆಗೆ ಕೈ ಕೊಟ್ಟಳು. ಮೂಟೆ ಹಗುರಾಗಿ ಕಲ್ಲು ಬಿಟ್ಟಿತು. ಬಹಾದೂರ್ ಒಂದೊಂದೇ ಮೆಟ್ಟಿಲೇರಿ, ತಿರುವಿನಲ್ಲಿ ತಲೆ ಎತ್ತಲಾಗದೆ ಒಂದು ಕೈ ಮಾತ್ರ ಎತ್ತಿ ತೋರಿಸಿ ಮರೆಯಾದ.

ಸುಮಾ ಕಟ್ಟೆಯ ಮೇಲೆ ಕಾಲು ಚಾಚಿದಳು. "ಎಷ್ಟ್ ಬೆಚ್ಚಗಿದೆ ಅಪ್ಪ ಇದು" ಎಂದವಳು ದುಪಟ್ಟಾ ಸುತ್ತಿ ತಲೆಗಿಟ್ಟುಕೊಂಡು, ಮುಂದಿನ ಮಾತು ಆಡುವಷ್ಟರಲ್ಲಿ ನಿದ್ದೆ ಹೋದಳು. ತಿಂಗಳುಗಟ್ಟಲೆ ನೈಟ್ ಡ್ಯೂಟಿ ಮಾಡಿದ ಮುಖ. ಹನುಮಯ್ಯ ಅದನ್ನು ಹಗಲು ಬೆಳಕಿನಲ್ಲಿ ಇಷ್ಟು ಹತ್ತಿರದಿಂದ ನೋಡಿ ಬಹಳ ವರ್ಷವಾಗಿತ್ತು. ಅವಳ ಕಣ್ಣಿಗೆ ಬಿಸಿಲು ಬೀಳುತ್ತಿತ್ತು; ಸ್ವಲ್ಪ ಸರಿದು ಅಡ್ಡ ಕೂತ.

ಆವತ್ತು ಮಧ್ಯಾಹ್ನದ ಊಟ ಇಬ್ಬರಿಗೂ ತಪ್ಪಿತು. ನಾಲ್ಕು ಗಂಟೆಗೆ ದಾರಿಬದಿಯ ಅಂಗಡಿಯಲ್ಲಿ ಬಿಸಿ ಬಿಸಿ ಮ್ಯಾಗಿ ತಿಂದರು. ಹನುಮಯ್ಯ ಇನ್ನೊಂದು ಪ್ಲೇಟು ಹೇಳಿದ.