ಕಮಲ ಸಿಸ್ಟರ್ ಕೈಗುಣ

ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲೇ ಇಂಜೆಕ್ಷನ್ ರೂಮಿನ ಹೊರಗಿನ ಬೆಂಚು ತುಂಬಿತ್ತು. ಒಳಗೆ ಇಬ್ಬರು ನರ್ಸುಗಳು. ಒಬ್ಬರ ಮುಂದೆ ಸಾಲು, ಇನ್ನೊಬ್ಬಳ ಮುಂದೆ ಖಾಲಿ ಸ್ಟೂಲು. ಖಾಲಿ ಸ್ಟೂಲಿನ ಪಕ್ಕ ನಿಂತವಳು ರಮ್ಯ. ಶಿವಮೊಗ್ಗದಲ್ಲಿ ನರ್ಸಿಂಗ್ ಮುಗಿಸಿ ಕೊಪ್ಪದ ಈ ಖಾಸಗಿ ಆಸ್ಪತ್ರೆಗೆ ಸೇರಿ ಅವಳಿಗೆ ಇನ್ನೂ ವಾರವಾಗಿರಲಿಲ್ಲ.

"ಇಲ್ಲಿ ಬನ್ನಿ ಅಜ್ಜಿ, ನಾನು ಹಾಕ್ತೀನಿ," ಎಂದು ಕರೆದಳು.

"ಬ್ಯಾಡ ಮಗಾ, ಕಮಲ ಸಿಸ್ಟರೇ ಹಾಕ್ಲಿ. ನಂಗೆ ಅವ್ರ ಕೈಯೇ ಆಗಿಬರೋದು," ಎಂದು ಅಜ್ಜಿ ಸಾಲಿನಲ್ಲೇ ಉಳಿಯಿತು.

ಊರಿನವರ ಲೆಕ್ಕವೇ ಹಾಗೆ. ಔಷಧಿ ಯಾವುದಾದರೂ ಸರಿ, ಡಾಕ್ಟರು ಯಾರಾದರೂ ಸರಿ, ಚುಚ್ಚುವ ಕೈಗೆ ಮಾತ್ರ ಗುಣವಿರಬೇಕು. ಕಮಲ ಸಿಸ್ಟರಿಗೆ ಅಂಥ ಕೈಗುಣವಿದೆ, ಅವರು ಸೂಜಿ ಹಾಕಿದ ಮೇಲೆ ಯಾರೂ ಸತ್ತಿಲ್ಲ ಎಂದು ಶೃಂಗೇರಿಯಿಂದ ಎನ್.ಆರ್.ಪುರದವರೆಗೆ ಮಾತಿತ್ತು. ಜನ ಹಾಗೆ ಹೊಗಳುವಾಗ ಕಮಲ ಸಿಸ್ಟರ್ ಹೌದು ಅನ್ನುತ್ತಿರಲಿಲ್ಲ, ಅಲ್ಲ ಅಂತಲೂ ಅನ್ನುತ್ತಿರಲಿಲ್ಲ.

ಆಕೆ ಕೆಟ್ಟ ಹೆಂಗಸೇನಲ್ಲ. ಒಣಗಿದ ಮುದಿಗೈಯಲ್ಲಿ ನರ ಹುಡುಕುವುದು ಹೇಗೆ, ಅಳುವ ಮಗುವನ್ನು ತಾಯಿಯ ತೊಡೆಯ ಮೇಲೆ ಹೇಗೆ ಹಿಡಿಸಬೇಕು ಎಂಬುದನ್ನೆಲ್ಲ ರಮ್ಯಳಿಗೆ ಕೈಹಿಡಿದು ಕಲಿಸಿದರು. ಕಾಲೇಜಿನಲ್ಲಿ ಓದಿದ್ದು ಈಗ ಬೆರಳಿಗಿಳಿಯುತ್ತಿದೆ ಎಂದು ರಮ್ಯಳಿಗೆ ಹಿಗ್ಗು. ಮುಂದೆ ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ಕೆಲಸ ಮಾಡಬೇಕು ಎಂಬುದು ಅವಳ ಆಸೆ. ಅದನ್ನು ಕಮಲ ಸಿಸ್ಟರಿಗೆ ಹೇಳಿಯೂ ಇದ್ದಳು.

ಒಂದು ಮಧ್ಯಾಹ್ನ ಅಡಿಕೆ ವ್ಯಾಪಾರಿ ದೇವಪ್ಪನವರನ್ನು ಎದೆನೋವೆಂದು ಜೀಪಿನಲ್ಲಿ ತಂದರು. ಮೈಯೆಲ್ಲ ಬೆವರಿ ತಣ್ಣಗಾಗಿತ್ತು. ಡಾಕ್ಟರ್ ದತ್ತಮೂರ್ತಿ ಇಂಜೆಕ್ಷನ್ ಹೇಳಿದರು. ಕಮಲ ಸಿಸ್ಟರ್ ಸಿರಿಂಜು ತುಂಬಿ ಒಂದು ಕೈಯಲ್ಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ನಾಡಿ ಹಿಡಿದು ನೋಡಿದರು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಸಿರಿಂಜನ್ನು ರಮ್ಯಳ ಕೈಗಿಟ್ಟರು.

"ನೀನೇ ಹಾಕು. ಕಲೀಬೇಕಲ್ಲ."

ಇಷ್ಟು ದೊಡ್ಡ ಕೇಸನ್ನು ತನಗೆ ಬಿಟ್ಟರಲ್ಲ ಎಂದು ರಮ್ಯಳ ಎದೆ ಉಬ್ಬಿತು. ಅವಳು ನರ ಹಿಡಿದದ್ದು, ಔಷಧಿ ಬಿಟ್ಟದ್ದು ಎಲ್ಲ ಸರಿಯಾಗಿಯೇ ಇತ್ತು. ಸೂಜಿ ತೆಗೆಯುವಷ್ಟರಲ್ಲಿ ದೇವಪ್ಪನವರ ಉಸಿರು ನಿಂತಿತ್ತು.

"ಆ ಹುಡುಗಿ ಚುಚ್ಚಿದ್ದೇ ತಡ, ಹೋಗ್ಬಿಟ್ರಲ್ರೋ," ಎಂದು ಅವರ ಹೆಂಡತಿ ಎದೆ ಬಡಿದುಕೊಂಡರು. ಎಲ್ಲರ ಕೈಗೂ ಮೊಬೈಲು ಬರುತ್ತಿದ್ದ ಕಾಲ. ಸಂಜೆಯ ಬಸ್ಸು ಬಾಳೆಹೊನ್ನೂರು ತಲುಪುವ ಮೊದಲೇ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಮರುದಿನದಿಂದ ರಮ್ಯ ಹತ್ತಿರ ಬಂದರೆ ಜನ ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಳ್ಳತೊಡಗಿದರು.

ಅವಳು ಡಾಕ್ಟರ ಮುಂದೆ ನಿಂತಳು. "ನನ್ನ ತಪ್ಪಿದ್ಯಾ ಸರ್?"

"ಇಲ್ಲಮ್ಮ. ಅವ್ರು ಬರುವಾಗ್ಲೇ ಕೈಮೀರಿತ್ತು."

"ಹಾಗಾದ್ರೆ ಅದನ್ನ ಅವ್ರ ಮನೆಯವ್ರಿಗೆ ಹೇಳಿ ಸರ್."

ದತ್ತಮೂರ್ತಿ ಕನ್ನಡಕ ಒರೆಸಿಕೊಂಡರು. "ಹೇಳಿದ್ರೆ ಮತ್ಯಾರ ತಪ್ಪು ಅಂತ ಕೇಳ್ತಾರೆ. ಮೊದ್ಲೇ ಯಾಕೆ ದೊಡ್ಡಾಸ್ಪತ್ರೆಗೆ ಕಳಿಸ್ಲಿಲ್ಲ ಅಂತಾರೆ. ಈಗ ನಿನ್ನ ಕೈ ಸರಿಯಿಲ್ಲ ಅಂದ್ಕೊಂಡು ಸುಮ್ನಾಗಿದಾರೆ. ಸ್ವಲ್ಪ ದಿನ ಸಹಿಸ್ಕೊ."

ಸಹಿಸಿಕೊಳ್ಳಬೇಕಾದವಳು ಯಾವಾಗಲೂ ಹೊಸಬಳೇ. ಅವಳಿಗೆ ತೂಕ ನೋಡುವ, ಹತ್ತಿ ಕತ್ತರಿಸುವ, ಚೀಟಿ ಬರೆಯುವ ಕೆಲಸ ಸಿಕ್ಕಿತು. ರಜೆಯಲ್ಲಿ ಎನ್.ಆರ್.ಪುರದ ಹತ್ತಿರದ ತನ್ನೂರಿಗೆ ಹೋದರೆ ಅಮ್ಮ ಸುಲೋಚನಮ್ಮ ಸೌತೆಬೀಜ ಊರಲು ಪಾತಿ ಮಾಡುತ್ತಿದ್ದರು. ಚಿಕ್ಕಂದಿನಿಂದ ಬೀಜ ಊರುವುದು ರಮ್ಯಳ ಪಾಲಿನ ಕೆಲಸ. ಅವಳು ಕೈಚಾಚಿದಳು. ಅಮ್ಮ ಬೀಜದ ಬಟ್ಟಲನ್ನು ಸೆರಗಿನೊಳಗೆ ಮಾಡಿಕೊಂಡು, "ನೀ ದಣಿದು ಬಂದೀಯ, ಕೂತ್ಕ. ಪಕ್ಕದ ಮನೆ ಬಸವಮ್ಮ ಬತ್ತಾಳೆ," ಎಂದರು. ಹೆತ್ತ ತಾಯಿಯೂ ಹೀಗೆಂದರೆ ಯಾರ ಹತ್ತಿರ ಹೇಳಿಕೊಳ್ಳುವುದು? ರಮ್ಯ ವಾಪಸು ಬರುವಾಗ ಬಸ್ಸಿನಲ್ಲಿ ಮುಖ ಕಿಟಕಿಗೆ ತಿರುಗಿಸಿಕೊಂಡು ಅತ್ತಳು.

ಕಳೆದುಹೋದ ಹೆಸರು ತಿರುಗಿ ಬಂದ ರೀತಿ ನೋಡಿದರೆ ನಗು ಬರಬೇಕು. ನಾರಾಯಣ ಎಂಬ ರೈತ ಜ್ವರವೆಂದು ಮಲಗಿದ್ದ. ಅವನಿಗೆ ದಿನಾ ಇಂಜೆಕ್ಷನ್ ಕೊಟ್ಟದ್ದು ಕಮಲ ಸಿಸ್ಟರ್. ಕೊನೆಯ ದಿನ ಆಕೆ ನಂಟರ ಮದುವೆಗೆ ಹೋಗಿದ್ದರಿಂದ ರಮ್ಯ ಕೊಟ್ಟಳು. ಹೇಗಿದ್ದರೂ ಗುಣವಾಗುತ್ತಿದ್ದ ಮನುಷ್ಯ ಆ ಸಂಜೆ ಎದ್ದು ಕೂತು ಗಂಜಿ ಉಂಡ. ಅಡಿಕೆ ಮಂಡಿಯಲ್ಲಿ ಸಿಕ್ಕವರಿಗೆಲ್ಲ, "ಎಂತಾ ಕೈ ಮಾರಾಯ ಆ ಹುಡುಗಿದು, ಒಂದೇ ಸೂಜಿಗೆ ಎದ್ದೆ ನೋಡು," ಎಂದು ಸಾರಿದ. ಅದೇ ಸಮಯಕ್ಕೆ ಕಮಲ ಸಿಸ್ಟರ್ ಸೂಜಿ ಹಾಕಿದ ಮೇಷ್ಟರೊಬ್ಬರಿಗೆ ಸೊಂಟದಲ್ಲಿ ಕೀವಾಯಿತು. ತಿಂಗಳೊಳಗೆ ಸಾಲು ಈ ಸ್ಟೂಲಿನಿಂದ ಆ ಸ್ಟೂಲಿಗೆ ಸರಿಯಿತು. ಹತ್ತಿ ಕತ್ತರಿಸುವ ಕೆಲಸ ಕಮಲ ಸಿಸ್ಟರ ಪಾಲಿಗೆ ಬಂತು.

ಇದೆಲ್ಲ ಸುಳ್ಳೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ರಮ್ಯ. ಆದರೂ ಅವಳಿಗೆ ಖುಷಿಯಾಯಿತು. ಅವಳು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಡಾಕ್ಟರು ಕರೆದು, "ಮಂಗಳೂರಲ್ಲಿ ಐಸಿಯು ಟ್ರೈನಿಂಗ್ ಇದೆ, ಆಸ್ಪತ್ರೆ ಕಡೆಯಿಂದ ನಿನ್ನನ್ನೇ ಕಳಿಸ್ತೀನಿ," ಎಂದರು. ಈಗ ಬಾಯಿಬಿಟ್ಟು ಇದನ್ನು ಕಳೆದುಕೊಳ್ಳುವಷ್ಟು ದಡ್ಡಿ ಅವಳಾಗಿರಲಿಲ್ಲ.

ಹೊರಡಲು ಕೆಲವೇ ದಿನ ಇರುವಾಗ ನೆಮ್ಮಾರಿನಿಂದ ಸುಬ್ಬಮ್ಮ ಎಂಬ ಹಿರಿಯರನ್ನು ಕಾರಿನಲ್ಲಿ ಕರೆತಂದರು. ಉಸಿರು ಮೇಲುಮೇಲೆ ಆಡುತ್ತಿತ್ತು. ಮಗ ರಾಜೇಶ ಬಾಗಿಲಲ್ಲೇ, "ರಮ್ಯ ಸಿಸ್ಟರೇ ಹಾಕ್ಲಿ ಡಾಕ್ಟ್ರೇ, ಅವ್ರ ಕೈ ಅಂತ್ಲೇ ಇಲ್ಲಿಗೆ ತಂದಿದ್ದು," ಎಂದ. ಡಾಕ್ಟರು ಇಂಜೆಕ್ಷನ್ ಹೇಳಿದರು. ರಮ್ಯ ಸಿರಿಂಜು ತುಂಬಿಕೊಂಡು ನಾಡಿ ಹಿಡಿದಳು. ಬೆರಳಿಗೆ ಏನೂ ಸಿಗಲಿಲ್ಲ.

ಅವಳಿಗೇ ಗೊತ್ತಿಲ್ಲದೆ ಕಾಲು ಒಂದು ಹೆಜ್ಜೆ ಹಿಂದೆ ಸರಿಯಿತು. ಪಕ್ಕದಲ್ಲಿ ಕಮಲ ಸಿಸ್ಟರ್ ಇದ್ದರು. ಸಿರಿಂಜು ಹಿಡಿದ ಕೈ ಅವರ ಕಡೆ ಅರ್ಧ ಚಾಚಿತ್ತು, "ನೀವು ಹಾಕಿ ಸಿಸ್ಟರ್" ಎಂಬ ಮಾತು ತುಟಿಗೆ ಬಂದಿತ್ತು. ಕಮಲ ಸಿಸ್ಟರ್ ಅದನ್ನು ತೆಗೆದುಕೊಳ್ಳಲು ಅಂಗೈ ಬಿಚ್ಚಿದರು. ಅವರಿಗೆ ಆಶ್ಚರ್ಯವೇ ಆಗಿರಲಿಲ್ಲ.

ರಮ್ಯಳಿಗೆ ಆಗ ಅರ್ಥವಾಯಿತು. ಯಾರೂ ಸಾಯದ ಕೈ ಎಂದರೆ ಸಾಯುವವರನ್ನು ಮುಟ್ಟದ ಕೈ. ಅವತ್ತು ದೇವಪ್ಪನವರ ನಾಡಿ ಹಿಡಿದ ಮೇಲೆಯೇ ಈಕೆ ಸಿರಿಂಜನ್ನು ತನಗೆ ದಾಟಿಸಿದ್ದು. ತನಗೆ ಕಲಿಸಿದ ಕೆಲಸಗಳಲ್ಲಿ ಇದೂ ಒಂದು. ಅದನ್ನು ತಾನು ಎಷ್ಟು ಬೇಗ ಕಲಿತುಬಿಟ್ಟೆ ಎನಿಸಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅವಳು ಕೈ ಹಿಂದಕ್ಕೆ ತೆಗೆದುಕೊಂಡು ರಾಜೇಶನ ಕಡೆ ತಿರುಗಿದಳು.

"ಅಮ್ಮನ ನಾಡಿ ಸಿಗ್ತಿಲ್ಲ. ಇದು ಕೊನೇ ಪ್ರಯತ್ನ. ಉಳೀತಾರೆ ಅಂತ ಹೇಳಕ್ಕಾಗಲ್ಲ. ಹಾಕೋ ಮೊದ್ಲೇ ಹೇಳ್ತಿದೀನಿ."

ಡಾಕ್ಟರು ಕಣ್ಣು ಕೆಂಪಗೆ ಮಾಡಿ ನೋಡಿದರು. ರಮ್ಯ ನರ ಹಿಡಿದು ಔಷಧಿ ಬಿಟ್ಟಳು. ಸುಬ್ಬಮ್ಮ ಉಳಿಯಲಿಲ್ಲ. ರಾಜೇಶ ಅಳುತ್ತಲೇ ಅವಳಿಗೆ ಕೈಮುಗಿದ. ಆದರೆ ಹೊರಗೆ ನಿಂತ ನಂಟರು, "ಇವ್ಳ ಕೈಯೂ ಕೆಟ್ಟಿತಲ್ಲ," ಎನ್ನುತ್ತಿದ್ದುದು ಒಳಗೆ ಕೇಳಿಸುತ್ತಿತ್ತು.

ಮರುದಿನ ಬೆಂಚಿನಲ್ಲಿ ಹೆಚ್ಚು ಜನವಿರಲಿಲ್ಲ. ಇದ್ದವರೂ ನೇರ ಡಾಕ್ಟರ ಕೋಣೆಗೆ ಹೋಗಿ ಮಾತ್ರೆ ಸಾಕು ಎಂದರು. ದತ್ತಮೂರ್ತಿ ರಮ್ಯಳನ್ನು ಕರೆದು, "ಮಂಗಳೂರಿಂದು ಮುಂದಿನ ವರ್ಷ ನೋಡಣ," ಎಂದು ಫೋನು ಎತ್ತಿಕೊಂಡರು. ಅವಳು ಬಂದು ಸ್ಟೂಲಿನ ಮೇಲೆ ಕುಳಿತಳು. ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಇತ್ತು.

ಕಮಲ ಸಿಸ್ಟರ್ ಹತ್ತಿ ಕತ್ತರಿಸುವುದನ್ನು ನಿಲ್ಲಿಸಿದರು. "ನನ್ನ ಕೈಗೇ ಕೊಡಬಹುದಿತ್ತು. ನನ್ನ ಹೆಸರು ಹೆಂಗೂ ಹೋಗಿತ್ತು."

"ನನಗಿಂತ ಮುಂಚೆ ಇನ್ಯಾರ ಕೈಗೆ ಕೊಟ್ಟಿದ್ರಿ ಸಿಸ್ಟರ್?"

ಆಕೆ ಕತ್ತರಿಸಿಟ್ಟ ಹತ್ತಿಯನ್ನು ಡಬ್ಬಿಗೆ ತುಂಬಿದರು. ರಮ್ಯ ಮುಖ ತಿರುಗಿಸದೆ ಕಾದಳು.

"ನೀಲಾಂಬಿಕೆ ಅಂತ ಒಬ್ಬಳಿದ್ದಳು," ಎಂದರು ಕೊನೆಗೆ. "ನಿನ್ನಂಗೇ ಓದಿ ಬಂದೋಳು. ಈಗ ಎನ್.ಆರ್.ಪುರದಲ್ಲಿ ಬಟ್ಟೆ ಅಂಗಡೀಲಿ ಸೀರೆ ಬಿಚ್ಚಿ ತೋರಿಸ್ತಾಳೆ." ಕತ್ತರಿಯನ್ನು ಟ್ರೇಯಲ್ಲಿಟ್ಟರು. "ನರ ಹಿಡಿಯೋದ್ರಲ್ಲಿ ನಂಗಿಂತ ಚೆನ್ನಾಗಿದ್ದಳು."